ಮಿರರ್ ನಿಂತಾಗ ಎಲ್ಲಿಂದ ಹುಡುಕಬೇಕು, ಏನನ್ನು ಮುಟ್ಟಬಾರದು: ಸ್ನ್ಯಾಪ್‌ಮಿರರ್ ದೋಷ ನಿವಾರಣೆ

“ಡಿಆರ್ ಸೈಟ್‌ನ ಮಿರರ್ ನಿಂತುಹೋಗಿದೆ, ಬೇಗ ನೋಡಿ ಸರ್.” ಸ್ಟೋರೇಜ್ ಕೆಲಸದಲ್ಲಿರುವವರಿಗೆ ಈ ಫೋನ್ ಕರೆ ಹೊಸದಲ್ಲ. ಡಿಆರ್ ಸೈಟ್ ಎಂದರೆ ಮೂಲ ಸೈಟ್ ಬಿದ್ದಾಗ ಕೆಲಸ ಮುಂದುವರಿಸಲು ಇಟ್ಟ ಇನ್ನೊಂದು ಜಾಗ, ಮಿರರ್ ಎಂದರೆ ಮೂಲದ ಡೇಟಾವನ್ನು ಅಲ್ಲಿಗೆ ಪ್ರತಿ ಮಾಡುತ್ತಿರುವ ವ್ಯವಸ್ಥೆ. ಕರೆ ಬಂದ ಮೇಲೆ ಆಗುವ ತಪ್ಪೂ ಹೊಸದಲ್ಲ. ಲಾಗಿನ್ ಆದ ಎರಡನೇ ನಿಮಿಷಕ್ಕೆ ರಿಸಿಂಕ್ (ಆಚೆಯ ಪ್ರತಿಯನ್ನು ಮತ್ತೆ ಮೂಲದಂತೆ ಮಾಡುವ ಕಮಾಂಡ್) ಕೊಡುವುದು, ಅದು ಕೇಳದಿದ್ದರೆ ರಿಲೇಶನ್‌ಶಿಪ್, ಅಂದರೆ ಎರಡು ಕಡೆಯ ನಡುವಿನ ಮಿರರ್ ಸಂಬಂಧವನ್ನೇ, ಅಳಿಸಿ ಹೊಸದಾಗಿ ಕಟ್ಟುವುದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಇದರಿಂದ ಅರ್ಧ ಗಂಟೆಯಲ್ಲಿ ಮುಗಿಯಬೇಕಿದ್ದ ತೊಂದರೆ ಎಷ್ಟೋ ಸಲ ವಾರಗಟ್ಟಲೆಯ ತಲೆನೋವಾಗಿದೆ.

ಇಲ್ಲಿ ಬರೆಯುತ್ತಿರುವುದು ನೆಟ್‌ಆ್ಯಪ್‌ನ ಆನ್‌ಟ್ಯಾಪ್ 9 ರಲ್ಲಿರುವ ಸ್ನ್ಯಾಪ್‌ಮಿರರ್ ಬಗ್ಗೆ. ಬೇರೆ ಕಂಪನಿಗಳ ಸ್ಟೋರೇಜ್‌ನಲ್ಲಿ ಕಮಾಂಡ್‌ಗಳ ಹೆಸರು ಬದಲಾಗುತ್ತದೆ, ಹುಡುಕುವ ಕ್ರಮ ಅಷ್ಟೇನೂ ಬದಲಾಗುವುದಿಲ್ಲ. ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವುದು ಹೇಗೆಂದು ಓದುವವರಿಗೆ ಗೊತ್ತೇ ಇರುತ್ತದೆ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳೋಣ. ಮೊದಲ ಸಲ ಇನಿಶಿಯಲೈಸ್ ಮಾಡಿದಾಗ ಸೋರ್ಸ್ (ಮೂಲ) ವಾಲ್ಯೂಮ್‌ನ ಪೂರ್ತಿ ಡೇಟಾ ಡೆಸ್ಟಿನೇಶನ್‌ಗೆ, ಅಂದರೆ ಪ್ರತಿ ಇರುವ ಕಡೆಗೆ, ಹೋಗುತ್ತದೆ. ಅದು ಬೇಸ್‌ಲೈನ್. ಆಮೇಲೆ ಪ್ರತಿ ಸಲವೂ ಸೋರ್ಸ್‌ನಲ್ಲಿ ಹೊಸ ಸ್ನ್ಯಾಪ್‌ಶಾಟ್ (ಆ ಕ್ಷಣದಲ್ಲಿ ವಾಲ್ಯೂಮ್ ಇದ್ದ ಸ್ಥಿತಿಯ ದಾಖಲೆ) ಹುಟ್ಟುತ್ತದೆ, ಹಿಂದಿನ ಸಲ ಕಳಿಸಿದ್ದರ ಜೊತೆ ಅದನ್ನು ಹೋಲಿಸಿ ಬದಲಾದ ಬ್ಲಾಕ್‌ಗಳನ್ನು ಮಾತ್ರ ಕಳಿಸಲಾಗುತ್ತದೆ. ಹೋಲಿಸಲು ಎರಡೂ ಕಡೆ ಇರುವ ಒಂದು ಸ್ನ್ಯಾಪ್‌ಶಾಟ್ ಬೇಕೇ ಬೇಕು. ಈ ಕಾಮನ್ ಸ್ನ್ಯಾಪ್‌ಶಾಟ್ ಇರುವವರೆಗೆ ಉಳಿದ ಯಾವ ದೋಷವನ್ನಾದರೂ ಸರಿಪಡಿಸಬಹುದು. ಅದು ಹೋದರೆ ಮತ್ತೆ ಬೇಸ್‌ಲೈನ್. ಆದ್ದರಿಂದ ಕಾರಣ ಕೈಗೆ ಸಿಗುವವರೆಗೆ “ಶೋ”, ಪಿಂಗ್‌ನಂಥ ಬರೀ ನೋಡುವ ಕಮಾಂಡ್‌ಗಳನ್ನು ಬಿಟ್ಟು ಬೇರೇನನ್ನೂ ಟೈಪ್ ಮಾಡಬಾರದು ಎಂಬುದು ನಾನು ನನಗೇ ಹಾಕಿಕೊಂಡ ಕಟ್ಟಳೆ.

ನಿಂತಿದೆ ಎಂದರೆ ನಿಜಕ್ಕೂ ಏನಾಗಿದೆ?

“ನಿಂತಿದೆ” ಎಂಬ ಒಂದೇ ಮಾತಿನ ಹಿಂದೆ ಬೇರೆಬೇರೆ ಸಂಗತಿಗಳಿರುತ್ತವೆ. ಶುರುವೇ ಆಗುತ್ತಿಲ್ಲ, ಶುರುವಾಗಿ ಬೀಳುತ್ತಿದೆ, ನಡೆಯುತ್ತಿದೆ, ಆದರೆ ಮುಗಿಯುತ್ತಿಲ್ಲ, ಎಲ್ಲ ಸರಿಯಿದೆ ಎಂದು ತೋರಿಸುತ್ತಿದೆ, ಆದರೆ ಬೇಕಾದದ್ದು ಅಲ್ಲಿಲ್ಲ. ಕೊನೆಯದು ಎಲ್ಲಕ್ಕಿಂತ ಅಪಾಯಕಾರಿ, ಅದಕ್ಕೆ ಆಮೇಲೆ ಬರುತ್ತೇನೆ.

ಡೆಸ್ಟಿನೇಶನ್ ಕ್ಲಸ್ಟರ್‌ಗೆ (ನೋಡ್ ಎಂಬ ಸ್ಟೋರೇಜ್ ಕಂಟ್ರೋಲರ್‌ಗಳ ಗುಂಪು) ಲಾಗಿನ್ ಆಗಿ ಸ್ನ್ಯಾಪ್‌ಮಿರರ್ ಶೋ ಕೊಡಿ, ಇನ್‌ಸ್ಟನ್ಸ್ ಆಯ್ಕೆ ಸೇರಿಸಿ ವಿವರವಾಗಿ ನೋಡಿ. ಸೋರ್ಸ್ ಕಡೆ ಕೂತು ಇದನ್ನು ಕೊಟ್ಟು “ಏನೂ ಕಾಣಿಸ್ತಿಲ್ಲವಲ್ಲ” ಎನ್ನುವವರಿದ್ದಾರೆ. ರಿಲೇಶನ್‌ಶಿಪ್‌ನ ಲೆಕ್ಕಪತ್ರ ಇರುವುದು ಡೆಸ್ಟಿನೇಶನ್‌ನಲ್ಲಿ. ಸೋರ್ಸ್ ಕಡೆಯಿಂದ ನೋಡಬೇಕಾದರೆ ಸ್ನ್ಯಾಪ್‌ಮಿರರ್ ಲಿಸ್ಟ್ ಡೆಸ್ಟಿನೇಶನ್ಸ್.

ಬರುವ ಉದ್ದನೆಯ ಪಟ್ಟಿಯಲ್ಲಿ ಮಿರರ್ ಸ್ಟೇಟ್ ಮತ್ತು ರಿಲೇಶನ್‌ಶಿಪ್ ಸ್ಟೇಟಸ್ ಎಂಬ ಎರಡು ಸಾಲುಗಳನ್ನು ಬೇರೆಬೇರೆಯಾಗಿ ಓದಿ. ಸ್ಟೇಟ್ ಎಂದರೆ ಸಂಬಂಧದ ಸ್ಥಿತಿ: ಅನ್‌ಇನಿಶಿಯಲೈಸ್ಡ್ ಆಗಿದ್ದರೆ ಬೇಸ್‌ಲೈನ್ ಮುಗಿದೇ ಇಲ್ಲ, ಸ್ನ್ಯಾಪ್‌ಮಿರರ್ಡ್ ಆಗಿದ್ದರೆ ಸಂಬಂಧ ಗಟ್ಟಿಯಿದೆ, ಬ್ರೋಕನ್ ಆಫ್ ಆಗಿದ್ದರೆ ಯಾರೋ ಬ್ರೇಕ್ ಕೊಟ್ಟು ಡೆಸ್ಟಿನೇಶನ್ ವಾಲ್ಯೂಮ್ ಅನ್ನು ಬರೆಯಲು ತೆರೆದಿದ್ದಾರೆ. ಸ್ಟೇಟಸ್ ಎಂದರೆ ಈ ಗಳಿಗೆಯಲ್ಲಿ ನಡೆಯುತ್ತಿರುವ ಕೆಲಸ: ಐಡಲ್, ಟ್ರಾನ್ಸ್‌ಫರಿಂಗ್, ಕ್ವೈಯೆಸ್ಡ್ ಇತ್ಯಾದಿ. ಸ್ನ್ಯಾಪ್‌ಮಿರರ್ಡ್ ಮತ್ತು ಕ್ವೈಯೆಸ್ಡ್ ಒಟ್ಟಿಗೆ ಕಂಡರೆ ದೋಷವೇ ಇಲ್ಲ, ಯಾರೋ ನಿರ್ವಹಣಾ ಕೆಲಸಕ್ಕೆಂದು ನಿಲ್ಲಿಸಿ ರೆಸ್ಯೂಮ್ ಕೊಡಲು ಮರೆತಿದ್ದಾರೆ. ಇಂಥ ಕರೆಗಳು ನಾಚಿಕೆಯಾಗುವಷ್ಟು ಬಂದಿವೆ. ಹಾಗೆಯೇ ಶೆಡ್ಯೂಲ್ ಸಾಲಿನಲ್ಲಿ ಬರೀ ಒಂದು ಗೆರೆ ಇದ್ದರೆ ಶೆಡ್ಯೂಲನ್ನೇ ಹಚ್ಚಿಲ್ಲ ಎಂದರ್ಥ. ಮಿರರ್ ಕಟ್ಟಿದ ದಿನ ಕೈಯಿಂದ ಓಡಿಸಿ ನೋಡಿ “ಆಯ್ತು” ಎಂದು ಎದ್ದು ಹೋದವರ ಗುರುತು ಅದು.

ಆಮೇಲೆ ಅನ್‌ಹೆಲ್ತಿ ರೀಸನ್ ಮತ್ತು ಲಾಸ್ಟ್ ಟ್ರಾನ್ಸ್‌ಫರ್ ಎರರ್. ಈ ಎರಡು ಸಾಲುಗಳನ್ನು ಹಾಗೆಹಾಗೇ ನಕಲು ಮಾಡಿ ಒಂದು ಕಡೆ ಇಟ್ಟುಕೊಳ್ಳಿ. ಮುಂದಿನ ಸಲ ಅಪ್‌ಡೇಟ್ ಓಡಿದಾಗ ಹೊಸ ದೋಷ ಹಳೆಯದರ ಮೇಲೆ ಕೂರುತ್ತದೆ. ಹಿಂದಿನದು ಬೇಕಾದರೆ ಸ್ನ್ಯಾಪ್‌ಮಿರರ್ ಶೋ ಹಿಸ್ಟರಿ ಇದೆ. ಅದರಲ್ಲಿ ಸರಿಯಾಗಿ ನಡೆದ ಕೊನೆಯ ಟ್ರಾನ್ಸ್‌ಫರ್ ಎಷ್ಟು ಗಂಟೆಯದೆಂದು ನೋಡಿ, ಆ ಹೊತ್ತಿನ ಆಸುಪಾಸಿನಲ್ಲಿ ನೆಟ್‌ವರ್ಕ್‌ನವರು, ಸರ್ವರ್‌ನವರು, ನಿಮ್ಮದೇ ತಂಡದವರು ಏನೇನು ಬದಲಾಯಿಸಿದರು ಎಂದು ಕೇಳಿ. ನನ್ನ ಅನುಭವದಲ್ಲಿ ಈ ಪ್ರಶ್ನೆಯಷ್ಟು ಬೇಗ ಕಾರಣ ತೋರಿಸಿಕೊಟ್ಟದ್ದು ಬೇರೊಂದಿಲ್ಲ. ಮೊದಲ ಉತ್ತರ ಮಾತ್ರ ಯಾವಾಗಲೂ “ಏನೂ ಬದಲಾಯಿಸಿಲ್ಲ” ಎಂದೇ ಇರುತ್ತದೆ. ಎರಡನೇ ಸಲ ಕೇಳಬೇಕು.

ಲ್ಯಾಗ್ ಓದುವ ರೀತಿ

ಲ್ಯಾಗ್ ಟೈಮ್ ಎಂದರೆ ಟ್ರಾನ್ಸ್‌ಫರ್ ಹಿಡಿದ ಸಮಯವಲ್ಲ. ಡೆಸ್ಟಿನೇಶನ್‌ಗೆ ಪೂರ್ತಿಯಾಗಿ ತಲುಪಿದ ಕೊನೆಯ ಸ್ನ್ಯಾಪ್‌ಶಾಟ್ ಸೋರ್ಸ್‌ನಲ್ಲಿ ಹುಟ್ಟಿದ ಹೊತ್ತಿಗೂ ಈಗಿನ ಹೊತ್ತಿಗೂ ಇರುವ ಅಂತರ. ಗಂಟೆಗೊಮ್ಮೆ ಓಡುವ ಮಿರರ್, ಪ್ರತಿ ಸಲ 20 ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ಟ್ರಾನ್ಸ್‌ಫರ್ ಮುಗಿದ ಕ್ಷಣದಲ್ಲೇ ಲ್ಯಾಗ್ 20 ನಿಮಿಷ ಇರುತ್ತದೆ, ಮುಂದಿನದು ಮುಗಿಯುವ ಹೊತ್ತಿಗೆ 1 ಗಂಟೆ 20 ನಿಮಿಷಕ್ಕೆ ಏರಿ ಮತ್ತೆ 20ಕ್ಕೆ ಇಳಿಯುತ್ತದೆ. ಇದು ಆರೋಗ್ಯದ ಲಕ್ಷಣ. ಲ್ಯಾಗ್ 1 ಗಂಟೆ ದಾಟಿದರೆ ಅಲಾರಂ ಹೊಡೆಯಲಿ ಎಂದು ಇಟ್ಟವರಿಗೆ ದಿನಕ್ಕೆ 24 ಸುಳ್ಳು ಅಲಾರಂ ಬರುತ್ತವೆ, ನಿಜವಾದದ್ದು ಬಂದ ದಿನ ಅವರು ಮೇಲ್ ತೆರೆಯುವುದೇ ಇಲ್ಲ.

ಏರಿ ಇಳಿಯುವ ಗರಗಸದಂಥ ಗೆರೆ ಸರಿ. ಬರೀ ಏರುತ್ತಲೇ ಹೋಗುವ ಗೆರೆ ಎಂದರೆ ನಿಂತಿದೆ. ಗರಗಸದ ಹಲ್ಲುಗಳೇ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದರೆ ಲೈನ್ ಸಾಲುತ್ತಿಲ್ಲ. ಲ್ಯಾಗ್ ಅರ್ಥವಿಲ್ಲದ ಸಂಖ್ಯೆ ತೋರಿಸುತ್ತಿದ್ದರೆ ಎರಡೂ ಕಡೆಯ ಗಡಿಯಾರ ನೋಡಿ. ಕ್ಲಸ್ಟರ್ ಪಿಯರಿಂಗ್‌ಗೆ (ಎರಡು ಕ್ಲಸ್ಟರ್‌ಗಳನ್ನು ಪರಸ್ಪರ ಜೋಡಿಸುವುದಕ್ಕೆ) ಎರಡೂ ಕಡೆಯ ಸಮಯ 300 ಸೆಕೆಂಡ್‌ಗಳೊಳಗೆ ಹೊಂದಿಕೊಂಡಿರಬೇಕು. ಗಡಿಯಾರ ಹೊಂದಿಸುವ ಎನ್‌ಟಿಪಿ ಸರ್ವರ್ ಸತ್ತು ತಿಂಗಳಾದರೂ ಯಾರಿಗೂ ಗೊತ್ತಿರುವುದಿಲ್ಲ, ಒಂದು ದಿನ ಮಿರರ್ ಬಂದು ಅದನ್ನು ಹೇಳುತ್ತದೆ.

ಶುರುವೇ ಆಗದಿದ್ದರೆ: ದಾರಿ ನೋಡಿ

ಎರಡೂ ಕ್ಲಸ್ಟರ್‌ಗಳಲ್ಲಿ ಕ್ಲಸ್ಟರ್ ಪಿಯರ್ ಶೋ ಕೊಡಿ. ಒಂದೇ ಕಡೆ ನೋಡಿ ಸುಮ್ಮನಾಗಬೇಡಿ, ಈ ಕಡೆ ಅವೈಲಬಲ್ ಎಂದಿದ್ದು ಆ ಕಡೆ ಬೇರೆಯೇ ಇರಬಹುದು. ಅನ್‌ಅವೈಲಬಲ್ ಎಂದಿದ್ದರೆ ದಾರಿಯೇ ಇಲ್ಲ: ಇಂಟರ್‌ಕ್ಲಸ್ಟರ್ ಲಿಫ್‌ಗಳು (ಕ್ಲಸ್ಟರ್‌ಗಳ ನಡುವಿನ ಮಾತುಕತೆಗಿರುವ ನೆಟ್‌ವರ್ಕ್ ವಿಳಾಸಗಳು) ಅಪ್ ಇವೆಯೇ, ರೂಟಿಂಗ್ ಇದೆಯೇ, ಫೈರ್‌ವಾಲ್ ಬಿಡುತ್ತಿದೆಯೇ. ಟಿಸಿಪಿ 11104 ಪಿಯರಿಂಗ್‌ನ ಮಾತುಕತೆಗೆ, 11105 ಡೇಟಾ ಸಾಗಣೆಗೆ. ಇವೆರಡೂ ಎರಡೂ ದಿಕ್ಕಿಗೆ ತೆರೆದಿರಬೇಕು, ಐಸಿಎಂಪಿ ಕೂಡ. ಮೊದಲನೆಯದು ಮಾತ್ರ ತೆರೆದು ಎರಡನೆಯದನ್ನು ಮರೆತರೆ ಪಿಯರಿಂಗ್ ಚೆನ್ನಾಗಿಯೇ ಕಾಣಿಸುತ್ತದೆ, ಡೇಟಾ ಮಾತ್ರ ಒಂದು ಬೈಟ್ ಕೂಡ ಹೋಗುವುದಿಲ್ಲ. ಆನ್‌ಟ್ಯಾಪ್ 9.6 ರಿಂದ ಹೊಸ ಪಿಯರಿಂಗ್‌ಗಳಲ್ಲಿ ಟಿಎಲ್ಎಸ್ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗುತ್ತದೆ. ನಡುವೆ ಎಲ್ಲ ಪ್ಯಾಕೆಟ್‌ಗಳನ್ನೂ ಬಿಚ್ಚಿ ನೋಡುವ ಫೈರ್‌ವಾಲ್ ಇದ್ದರೆ ಈ ವಿಳಾಸಗಳಿಗೆ ಆ ತಪಾಸಣೆ ಬೇಡ ಎಂದು ಹೇಳಿಸಿ.

ವಿಸರ್ವರ್ ಪಿಯರ್ ಶೋ ಕೂಡ ನೋಡಿ (ವಿಸರ್ವರ್ ಎಂದರೆ ಕ್ಲಸ್ಟರ್ ಒಳಗಿನ ವರ್ಚುವಲ್ ಸ್ಟೋರೇಜ್ ಸರ್ವರ್). ಸ್ಥಿತಿ ಪಿಯರ್ಡ್ ಎಂದಿದ್ದರಷ್ಟೇ ಸಾಲದು, ಅಪ್ಲಿಕೇಶನ್ ಕಾಲಂನಲ್ಲಿ ಸ್ನ್ಯಾಪ್‌ಮಿರರ್ ಹೆಸರಿರಬೇಕು. ಫ್ಲೆಕ್ಸ್‌ಕ್ಯಾಶ್‌ನಂಥ ಬೇರೆ ಸೌಲಭ್ಯಕ್ಕೆಂದು ಹಿಂದೆ ಮಾಡಿದ ಪಿಯರಿಂಗ್ ಮಿರರ್‌ಗೆ ಅನುಮತಿ ಕೊಡುವುದಿಲ್ಲ.

ನಿಜವಾಗಿ ದಾರಿ ತಪ್ಪಿಸುವುದು ಕ್ಲಸ್ಟರ್ ಪಿಯರ್ ಶೋ ಕೊಡುವ “ಪಾರ್ಶಿಯಲ್” ಎಂಬ ಉತ್ತರ, ಅಂದರೆ ಕೆಲವು ದಾರಿಗಳು ಮಾತ್ರ ತೆರೆದಿವೆ. ಇದರ ಬಗ್ಗೆ ನನಗಾದದ್ದನ್ನೇ ಹೇಳುತ್ತೇನೆ. ಒಂದು ಕಡೆ 4 ನೋಡ್‌ಗಳ ಕ್ಲಸ್ಟರ್. ಎರಡು ವರ್ಷದಿಂದ ತಕರಾರಿಲ್ಲದೆ ಓಡಿದ ಮಿರರ್‌ಗಳ ಪೈಕಿ 3 ವಾಲ್ಯೂಮ್‌ಗಳದ್ದು ಮಾತ್ರ ಒಂದು ಶನಿವಾರ ರಾತ್ರಿಯಿಂದ ನಿಂತಿತು. ಉಳಿದವು ಅದೇ ಲೈನಿನಲ್ಲಿ ಸರಾಗವಾಗಿ ಓಡುತ್ತಿವೆ. ಪಿಂಗ್ ಹೋಗುತ್ತಿದೆ. ನೆಟ್‌ವರ್ಕ್ ತಂಡ “ಲೈನ್ ಕೆಟ್ಟಿದ್ದರೆ ಎಲ್ಲವೂ ನಿಲ್ಲಬೇಕಿತ್ತಲ್ಲ” ಎಂದಿತು, ನನಗೂ ಅದು ಸರಿಯೆನಿಸಿತು. ಒಂದಿಡೀ ದಿನ ವಾಲ್ಯೂಮ್‌ಗಳಲ್ಲೇ ದೋಷ ಹುಡುಕಿದೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕೊನೆಗೆ ಗೊತ್ತಾದದ್ದು: ಜಾಗ ಸಾಲದೆಂದು ಆ 3 ವಾಲ್ಯೂಮ್‌ಗಳನ್ನು ಶನಿವಾರ ಬೇರೆ ನೋಡ್‌ಗೆ ವಾಲ್ಯೂಮ್ ಮೂವ್ ಮಾಡಲಾಗಿತ್ತು. ಇಂಟರ್‌ಕ್ಲಸ್ಟರ್ ಲಿಫ್ ತನ್ನ ನೋಡ್ ಬಿಟ್ಟು ಬೇರೆ ನೋಡ್‌ಗೆ ಹೋಗುವುದಿಲ್ಲ, ವಾಲ್ಯೂಮ್ ಯಾವ ನೋಡ್‌ನಲ್ಲಿದೆಯೋ ಆ ನೋಡ್‌ನ ಲಿಫ್‌ನಿಂದಲೇ ಡೇಟಾ ಹೊರಡುತ್ತದೆ. ಈ ಬೇರೆ ನೋಡ್‌ನ ವಿಳಾಸವನ್ನು ಫೈರ್‌ವಾಲ್ ನಿಯಮದಲ್ಲಿ ಯಾರೂ ಸೇರಿಸಿರಲಿಲ್ಲ. ಎರಡು ವರ್ಷ ಆ ನೋಡ್‌ನಲ್ಲಿ ಮಿರರ್ ಆಗುವ ವಾಲ್ಯೂಮ್ ಒಂದೂ ಇರಲಿಲ್ಲ, ಹಾಗಾಗಿ ತೊಂದರೆಯೂ ಕಂಡಿರಲಿಲ್ಲ.

ಅಂದಿನಿಂದ ನನ್ನ ಲೆಕ್ಕ ಬೇರೆ. ಈ ಕಡೆ 4 ನೋಡ್, ಆ ಕಡೆ 2 ನೋಡ್ ಇದ್ದರೆ ದಾರಿಗಳು ಒಟ್ಟು 8. ಎಂಟನ್ನೂ ಪರೀಕ್ಷಿಸಬೇಕು, ಒಂದು ಪಿಂಗ್ ಹೋದರೆ ಒಂದು ದಾರಿ ಸರಿಯಿದೆ ಎಂದಷ್ಟೇ ಅರ್ಥ. ಕ್ಲಸ್ಟರ್ ಪಿಯರ್ ಪಿಂಗ್ ಮತ್ತು ಕ್ಲಸ್ಟರ್ ಪಿಯರ್ ಹೆಲ್ತ್ ಶೋ ನೋಡ್‌ಗಳ ಜೋಡಿಜೋಡಿಯಾಗಿ ಉತ್ತರ ಕೊಡುತ್ತವೆ.

ಶುರುವಾಗಿ ಅಲ್ಲೇ ಕೂತರೆ

ಟ್ರಾನ್ಸ್‌ಫರಿಂಗ್ ಎಂದಿದೆ, ಪ್ರೋಗ್ರೆಸ್ ಮಾತ್ರ ಸೊನ್ನೆ ಬಿಟ್ಟು ಏಳುತ್ತಿಲ್ಲ. ಪಿಯರಿಂಗ್ ಸರಿಯಿದೆ, ಪೋರ್ಟ್ ತೆರೆದಿದೆ. ಈ ಚಿತ್ರ ಕಂಡ ತಕ್ಷಣ ನಾನು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ಗಿರುವ ಗರಿಷ್ಠ ಗಾತ್ರ, ನೋಡುತ್ತೇನೆ. ಎರಡೂ ತುದಿಯಲ್ಲಿ ಜಂಬೋ ಫ್ರೇಮ್ 9000 ಇಟ್ಟು, ನಡುವಿನ ಯಾವುದೋ ಸ್ವಿಚ್ ಅಥವಾ ವ್ಯಾನ್ (ದೂರದ ಸೈಟ್‌ಗಳನ್ನು ಸೇರಿಸುವ ನೆಟ್‌ವರ್ಕ್) ರೂಟರ್ 1500ರಲ್ಲೇ ಇದ್ದರೆ ಚಿಕ್ಕ ಪ್ಯಾಕೆಟ್‌ಗಳ ಮಾತುಕತೆ ಎಲ್ಲ ಚೆನ್ನಾಗಿ ನಡೆದು, ಡೇಟಾದ ಮೊದಲ ದೊಡ್ಡ ಪ್ಯಾಕೆಟ್ ಹೊರಟಾಗ ಸದ್ದಿಲ್ಲದೆ ಮಾಯವಾಗುತ್ತದೆ. ಸಾಮಾನ್ಯ ಪಿಂಗ್‌ನಲ್ಲಿ ಇದು ಸಿಕ್ಕಿಬೀಳುವುದಿಲ್ಲ. ನೆಟ್‌ವರ್ಕ್ ಪಿಂಗ್‌ನಲ್ಲಿ ಇಂಟರ್‌ಕ್ಲಸ್ಟರ್ ಲಿಫ್ ಹೆಸರು ಕೊಟ್ಟು, ಪ್ಯಾಕೆಟ್ ಸೈಜ್ 8972 ಇಟ್ಟು, ತುಂಡು ಮಾಡಬಾರದು ಎಂಬ ಆಯ್ಕೆ ಸೇರಿಸಿ ಕಳಿಸಿ. ಐಪಿ ಹೆಡರ್‌ಗೆ 20, ಐಸಿಎಂಪಿ ಹೆಡರ್‌ಗೆ 8 ಬೈಟ್ ಕಳೆದರೆ 9000ದಲ್ಲಿ ಉಳಿಯುವುದು ಅಷ್ಟು. ಅದು ಹೋಗದೆ 1472 ಹೋದರೆ ನಡುದಾರಿಯಲ್ಲಿ 1500 ಇದೆ ಎಂದು ಬರೆದುಕೊಡಬಹುದು. ವ್ಯಾನ್‌ನ ಉದ್ದಕ್ಕೂ ಜಂಬೋ ಸಿಗುವ ಭರವಸೆ ಇಲ್ಲದಿದ್ದರೆ ಇಂಟರ್‌ಕ್ಲಸ್ಟರ್ ಪೋರ್ಟ್‌ಗಳಿಗೆ 1500 ಇಡುವುದೇ ಲೇಸು. ಜಂಬೋದಿಂದ ಸಿಗುವ ಲಾಭ ಚಿಕ್ಕದು, ಅದು ಕೆಟ್ಟಾಗ ಹಿಡಿಯುವ ಹೊತ್ತು ದೊಡ್ಡದು.

ನಡುವೆ ಕಡಿದು ಬೀಳುವ ಟ್ರಾನ್ಸ್‌ಫರ್ ಮುಂದಿನ ಸಲ ಚೆಕ್‌ಪಾಯಿಂಟ್‌ನಿಂದ ಮುಂದುವರಿಯುತ್ತದೆ. ಆದ್ದರಿಂದ ನಿಲ್ಲಿಸಲೇಬೇಕಾಗಿ ಬಂದರೆ ಅಬಾರ್ಟ್ ಕೊಡಿ, ಹಾರ್ಡ್ ಆಯ್ಕೆ ಸೇರಿಸಬೇಡಿ. ಸೇರಿಸಿದರೆ ಚೆಕ್‌ಪಾಯಿಂಟ್ ಹೋಗುತ್ತದೆ, ಮೂರು ದಿನ ಓಡಿದ ಬೇಸ್‌ಲೈನ್ ಮತ್ತೆ ಮೊದಲಿಂದ.

ನಿಧಾನ: ಮೊದಲು ಕಾಗದದ ಮೇಲೆ ಲೆಕ್ಕ

“ಮಿರರ್ ನಿಧಾನ” ಎಂಬ ದೂರಿನಲ್ಲಿ ಅರ್ಧದಷ್ಟು ದೋಷವಲ್ಲ, ಗಣಿತ. 100 ಎಂಬಿಪಿಎಸ್ ಲೈನ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. 1 ಟಿಬಿ ಸಾಗಿಸಲು 80,000 ಸೆಕೆಂಡ್, ಅಂದರೆ 22 ಗಂಟೆಗೂ ಹೆಚ್ಚು, ಅದೂ ಆ ಲೈನನ್ನು ಬೇರೆ ಯಾರೂ ಬಳಸದಿದ್ದರೆ. ದಿನಕ್ಕೆ 1.2 ಟಿಬಿ ಲೈನಿನ ಮೇಲೆ ಹೋಗಬೇಕಾದ ವಾಲ್ಯೂಮ್‌ಗೆ ಈ ಲೈನ್ ಎಂದೂ ಸಾಲದು. ಹಿಸ್ಟರಿಯಲ್ಲಿರುವ ಟ್ರಾನ್ಸ್‌ಫರ್ ಸೈಜ್ ಮತ್ತು ಹಿಡಿದ ಸಮಯ ತೆಗೆದು ಭಾಗಿಸಿ, ಬಂದ ವೇಗವನ್ನು ಲೈನಿನ ವೇಗದ ಪಕ್ಕದಲ್ಲಿ ಬರೆಯಿರಿ.

ವೇಗ ಲೈನಿಗೆ ಹತ್ತಿರವಿದ್ದರೆ ಮಿರರ್ ತನ್ನ ಕೆಲಸ ಮಾಡುತ್ತಿದೆ. ಆಗ ಕೇಳಬೇಕಾದ್ದು, ಇಷ್ಟೊಂದು ಡೇಟಾ ಬದಲಾಗುತ್ತಿರುವುದೇಕೆ? ವರ್ಚುವಲ್ ಮಷಿನ್‌ಗಳ ಸ್ವಾಪ್ ಫೈಲ್, ಡೇಟಾಬೇಸ್‌ನ ತಾತ್ಕಾಲಿಕ ಫೈಲ್‌ಗಳು, ಪ್ರತಿರಾತ್ರಿ ಅದೇ ವಾಲ್ಯೂಮ್‌ಗೆ ಬರೆಯುವ ಡಂಪ್ ಇವೆಲ್ಲ ಆಚೆಗೆ ಹೋಗಬೇಕಾದ ಅಗತ್ಯವೇ ಇರುವುದಿಲ್ಲ. ಅವನ್ನು ಮಿರರ್ ಇಲ್ಲದ ವಾಲ್ಯೂಮ್‌ಗೆ ಎತ್ತಿಡಿ.

ಟ್ರಾನ್ಸ್‌ಫರ್ ಸೈಜ್ ಒಂದೇ ರಾತ್ರಿಯಲ್ಲಿ ಹತ್ತು ಪಟ್ಟಾದರೆ ವೇಗದ ಚಿಂತೆ ಬದಿಗಿಡಿ. ಯಾರೋ ದೊಡ್ಡ ಡೇಟಾ ತಂದು ಸುರಿದಿರಬಹುದು, ರ‍್ಯಾನ್ಸಮ್‌ವೇರ್ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡುತ್ತಿರಲೂಬಹುದು. ಕನ್ನಡಿಗೆ ಒಳ್ಳೆಯ ಮುಖ ಕೆಟ್ಟ ಮುಖ ಎಂಬ ಭೇದವಿಲ್ಲ, ಹಾಳಾದ ಫೈಲನ್ನೂ ಅಷ್ಟೇ ನಿಷ್ಠೆಯಿಂದ ಆಚೆಗೆ ಕೊಂಡೊಯ್ಯುತ್ತದೆ. ಅನುಮಾನ ಬಂದರೆ ಕ್ವೈಯೆಸ್ ಕೊಟ್ಟು ನಿಲ್ಲಿಸಿ, ಡೆಸ್ಟಿನೇಶನ್‌ನ ಹಳೆಯ ಸ್ನ್ಯಾಪ್‌ಶಾಟ್‌ಗಳು ಉಳಿದಿರುವುದನ್ನು ಖಾತ್ರಿ ಮಾಡಿಕೊಂಡು, ನಂತರ ವಿಚಾರಿಸಿ. “ನೋಡುವ ಕಮಾಂಡ್ ಬಿಟ್ಟು ಬೇರೇನನ್ನೂ ಟೈಪ್ ಮಾಡಬೇಡಿ” ಎಂಬ ನನ್ನ ಕಟ್ಟಳೆಗೆ ಇದೊಂದೇ ವಿನಾಯಿತಿ.

ಲೈನ್ ದೊಡ್ಡದಿದ್ದೂ ವೇಗ ತೀರಾ ಕಡಿಮೆ ಇದ್ದರೆ ಮೊದಲು ಥ್ರಾಟಲ್, ಅಂದರೆ ವೇಗದ ಮಿತಿ, ನೋಡಿ. ರಿಲೇಶನ್‌ಶಿಪ್‌ಗೆ ಹಾಕುವ ಮಿತಿ ಸೆಕೆಂಡಿಗೆ ಇಷ್ಟು ಕಿಲೋಬೈಟ್ ಎಂಬ ಲೆಕ್ಕದಲ್ಲಿರುತ್ತದೆ, ಕಿಲೋಬಿಟ್ ಅಲ್ಲ. 1000 ಎಂದು ಬರೆದರೆ ಸುಮಾರು 8 ಎಂಬಿಪಿಎಸ್. ಇದಲ್ಲದೆ ಇಡೀ ಕ್ಲಸ್ಟರ್‌ಗೆ ಅನ್ವಯಿಸುವ ರೆಪ್ಲಿಕೇಶನ್ ಥ್ರಾಟಲ್ ಆಯ್ಕೆಗಳು ಬೇರೆ ಇವೆ, ರಿಲೇಶನ್‌ಶಿಪ್‌ನಲ್ಲಿ ಹುಡುಕಿದರೆ ಅವು ಕಾಣುವುದಿಲ್ಲ.

ಥ್ರಾಟಲ್ ಇಲ್ಲದಿದ್ದರೆ ದೂರ ಮತ್ತು ಪ್ಯಾಕೆಟ್ ನಷ್ಟ. ನಷ್ಟ ಕಂಡಾಗ ವೇಗ ತಗ್ಗಿಸುವ ಹಳೆಯ ಬಗೆಯ ಟಿಸಿಪಿಯಲ್ಲಿ ಒಂದು ಕನೆಕ್ಶನ್‌ನ ವೇಗ ಹೋಗಿಬರುವ ಸಮಯಕ್ಕೆ ವಿಲೋಮವಾಗಿಯೂ, ನಷ್ಟದ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. 50 ಮಿಲಿಸೆಕೆಂಡ್ ದೂರದ ಸೈಟ್‌ಗೆ ಪ್ಯಾಕೆಟ್ ನಷ್ಟ ಶೇ. 1 ಇದ್ದರೆ ಒಂದು ಕನೆಕ್ಶನ್‌ಗೆ ಸಿಗುವುದು 3 ಎಂಬಿಪಿಎಸ್ ಕೂಡ ಅಲ್ಲ, ಲೈನ್ 1 ಗಿಗಾಬಿಟ್ ಇದ್ದರೂ. ನೆಟ್‌ವರ್ಕ್ ತಂಡಕ್ಕೆ “ಶೇ. 1 ತಾನೇ” ಎನಿಸುತ್ತದೆ. ಈ ಲೆಕ್ಕ ತೋರಿಸಿ.

ಜಾಗ

ಇದನ್ನು ಬೇಗ ಮುಗಿಸೋಣ, ದೋಷದ ಸಾಲೇ ಕಾರಣವನ್ನು ಹೇಳಿಬಿಡುತ್ತದೆ. ಡೆಸ್ಟಿನೇಶನ್ ವಾಲ್ಯೂಮ್ ತುಂಬಿದೆಯೇ, ಆಟೋಸೈಜ್‌ನ ಗರಿಷ್ಠ ಮಿತಿ ಮುಟ್ಟಿದೆಯೇ, ಕೆಳಗಿನ ಅಗ್ರಿಗೇಟ್‌ನಲ್ಲೇ (ವಾಲ್ಯೂಮ್‌ಗಳು ಕೂರುವ ಡಿಸ್ಕ್‌ಗಳ ಗುಂಪಿನಲ್ಲೇ) ಜಾಗವಿಲ್ಲವೇ, ಐನೋಡ್ (ಫೈಲ್‌ಗಳ ಸಂಖ್ಯೆಯ ಮಿತಿ) ಮುಗಿದಿದೆಯೇ ನೋಡಿ. ಒಂದು ವಾಲ್ಯೂಮ್‌ಗೆ 1023 ಸ್ನ್ಯಾಪ್‌ಶಾಟ್ ಎಂಬ ಮಿತಿಯೂ ಇದೆ, ಆನ್‌ಟ್ಯಾಪ್ 9.4ಕ್ಕಿಂತ ಹಿಂದೆ ಅದು 255 ಇತ್ತು. ಹೊಸದಾಗಿ ಕಟ್ಟುವಾಗ ಇನಿಶಿಯಲೈಸ್ ಆಗದಿದ್ದರೆ ಡೆಸ್ಟಿನೇಶನ್ ವಾಲ್ಯೂಮ್‌ನ ಟೈಪ್ ಡಿಪಿ (ಡೇಟಾ ಪ್ರೊಟೆಕ್ಷನ್) ಇದೆಯೇ ನೋಡಿ, ಅಭ್ಯಾಸಬಲದಿಂದ ಸಾಮಾನ್ಯ ವಾಲ್ಯೂಮ್ ಸೃಷ್ಟಿಸಿರುತ್ತಾರೆ.

ಎಲ್ಲ ಹಸಿರು, ಬೇಕಾದದ್ದು ಮಾತ್ರ ಇಲ್ಲ

ಹೆಲ್ತಿ ಟ್ರೂ. ಎರರ್ ಸಾಲು ಖಾಲಿ. ಮೂರು ತಿಂಗಳ ಹಿಂದಿನ ವಾರದ ಸ್ನ್ಯಾಪ್‌ಶಾಟ್ ಬೇಕೆಂದು ಆಡಿಟ್‌ನವರು ಕೇಳಿದಾಗ ಡೆಸ್ಟಿನೇಶನ್‌ನಲ್ಲಿ ಅಂಥದ್ದು ಒಂದೂ ಇಲ್ಲ. ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಬಹುಕಾಲ ಉಳಿಸುವ ವಾಲ್ಟ್ ಬಗೆಯ ಪಾಲಿಸಿಗಳಲ್ಲಿ ಯಾವ ಸ್ನ್ಯಾಪ್‌ಶಾಟ್ ಹೋಗಬೇಕು ಎಂಬುದನ್ನು ಸ್ನ್ಯಾಪ್‌ಮಿರರ್ ಲೇಬಲ್ ತೀರ್ಮಾನಿಸುತ್ತದೆ. ಎಕ್ಸ್‌ಡಿಪಿ ಡಿಫಾಲ್ಟ್ ಎಂಬ ಪಾಲಿಸಿ ಡೈಲಿ ಲೇಬಲ್‌ನ 7, ವೀಕ್ಲಿ ಲೇಬಲ್‌ನ 52 ಇಟ್ಟುಕೊಳ್ಳುತ್ತದೆ. ಸೋರ್ಸ್‌ನ ಸ್ನ್ಯಾಪ್‌ಶಾಟ್ ಪಾಲಿಸಿಯಲ್ಲಿ ಲೇಬಲನ್ನೇ ಬರೆಯದಿದ್ದರೆ ಅಥವಾ ಒಂದಕ್ಷರ ತಪ್ಪಿ ಬರೆದಿದ್ದರೆ ಆ ಸ್ನ್ಯಾಪ್‌ಶಾಟ್‌ಗಳು ನಿಯಮಕ್ಕೆ ಹೊಂದುವುದಿಲ್ಲ, ಹೋಗುವುದೂ ಇಲ್ಲ. ಇದನ್ನು ಸಿಸ್ಟಂ ತಪ್ಪೆಂದು ಎಣಿಸುವುದಿಲ್ಲ, ನೀವು ಕೇಳಿದ್ದನ್ನೇ ಅದು ಮಾಡಿದೆ. ಎರಡೂ ಕಡೆ ಸ್ನ್ಯಾಪ್‌ಶಾಟ್ ಪಟ್ಟಿಯನ್ನು ಲೇಬಲ್ ಕಾಲಂ ಸಮೇತ ತೆಗೆದು ಕಣ್ಣಾರೆ ಹೋಲಿಸದೆ ಇದು ಗೊತ್ತಾಗುವ ದಾರಿಯಿಲ್ಲ.

ಕಾಮನ್ ಸ್ನ್ಯಾಪ್‌ಶಾಟ್ ಸಿಗುತ್ತಿಲ್ಲ ಎಂದಾಗ

ಈ ದೋಷ ಕಂಡಾಗ ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬನ್ನಿ. ಆಮೇಲೆ ಕೂತು, ಅದು ಹೇಗೆ ಹೋಯಿತು ಎಂದು ಕೇಳಿಕೊಳ್ಳಿ.

ಒಂದು ದಾರಿ ಆಟೋಡಿಲೀಟ್. ಸೋರ್ಸ್ ವಾಲ್ಯೂಮ್ ತುಂಬಿದಾಗ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತಾನೇ ಅಳಿಸುವ ವ್ಯವಸ್ಥೆ ಅದು. ಅದರ ಕಮಿಟ್‌ಮೆಂಟ್ ಟ್ರೈ ಎಂದಿದ್ದರೆ ಮಿರರ್ ಹಿಡಿದಿಟ್ಟ ಸ್ನ್ಯಾಪ್‌ಶಾಟ್ ಮುಟ್ಟುವುದಿಲ್ಲ, ಡಿಸ್ರಪ್ಟ್ ಎಂದಿದ್ದರೆ ಅದನ್ನೂ ಅಳಿಸುತ್ತದೆ. ಇನ್ನೊಂದು, ಸೋರ್ಸ್ ವಾಲ್ಯೂಮ್ ಅನ್ನು ಹಳೆಯ ಸ್ನ್ಯಾಪ್‌ಶಾಟ್‌ಗೆ ರಿಸ್ಟೋರ್ ಮಾಡುವುದು. ಅದಕ್ಕಿಂತ ಹೊಸದಾದವೆಲ್ಲ ಆಗ ಹೋಗುತ್ತವೆ, ಮಿರರ್‌ನ ಆಧಾರವೂ ಅವುಗಳಲ್ಲೊಂದು. ಜಾಗ ಬೇಕೆಂದು “ಸ್ನ್ಯಾಪ್‌ಮಿರರ್” ಎಂದು ಶುರುವಾಗಿ ಉದ್ದನೆಯ ಸಂಖ್ಯೆ ಅಂಟಿಸಿಕೊಂಡ ಹೆಸರುಗಳನ್ನು ಕಸವೆಂದು ತಿಳಿದು ಬಲವಂತವಾಗಿ ಅಳಿಸುವವರೂ ಇದ್ದಾರೆ.

ನಾನು ಹೆಚ್ಚು ಕಂಡದ್ದು ರಿಲೀಸ್ ಕಮಾಂಡ್‌ನಿಂದ. ಸೋರ್ಸ್‌ನಲ್ಲಿ ರಿಲೀಸ್ ಕೊಟ್ಟರೆ ರಿಲೇಶನ್‌ಶಿಪ್‌ನ ಮಾಹಿತಿಯ ಜೊತೆಗೆ ಅದರ ಆಧಾರ ಸ್ನ್ಯಾಪ್‌ಶಾಟ್‌ಗಳೂ ಅಳಿಯುತ್ತವೆ. ಮಾಹಿತಿ ಮಾತ್ರ ಹೋಗಲಿ, ಸ್ನ್ಯಾಪ್‌ಶಾಟ್ ಇರಲಿ ಎನ್ನುವುದಾದರೆ ರಿಲೇಶನ್‌ಶಿಪ್ ಇನ್ಫೋ ಓನ್ಲಿ ಎಂಬ ಆಯ್ಕೆಗೆ ಟ್ರೂ ಕೊಡಬೇಕು. ಒಮ್ಮೆ ಸಹೋದ್ಯೋಗಿಯೊಬ್ಬರು ಲಿಸ್ಟ್ ಡೆಸ್ಟಿನೇಶನ್ಸ್‌ನಲ್ಲಿ ಹಳೆಯ ನಮೂದು ಉಳಿದಿದೆ ಎಂದು ಭಾವಿಸಿ ಆ ಆಯ್ಕೆಯಿಲ್ಲದೆ ರಿಲೀಸ್ ಕೊಟ್ಟರು. ಅದು ಬಳಕೆಯಲ್ಲಿದ್ದ ಮಿರರ್. ಮುಂದಿನ ಅಪ್‌ಡೇಟ್‌ಗೆ ಕಾಮನ್ ಸ್ನ್ಯಾಪ್‌ಶಾಟ್ ಇಲ್ಲವೆಂಬ ಉತ್ತರ ಬಂತು. ವಾಲ್ಯೂಮ್‌ನಲ್ಲಿ 40 ಟಿಬಿ, ಲೈನ್ 100 ಎಂಬಿಪಿಎಸ್, ಬೇಸ್‌ಲೈನ್‌ಗೆ ಕಾಗದದ ಲೆಕ್ಕದಲ್ಲೇ 37 ದಿನ. ಅವರು ಬೆವರುತ್ತಿದ್ದರು, ನಾನೂ.

ನಮ್ಮನ್ನು ಉಳಿಸಿದ್ದು ಪಾಲಿಸಿ. ಎಲ್ಲ ಸ್ನ್ಯಾಪ್‌ಶಾಟ್‌ಗಳನ್ನೂ ಕಳಿಸುವ ಮಿರರ್ ಆಲ್ ಸ್ನ್ಯಾಪ್‌ಶಾಟ್ಸ್ ಅಲ್ಲಿತ್ತು, ಹಾಗಾಗಿ ಸೋರ್ಸ್‌ನ ದಿನನಿತ್ಯದ ಸ್ನ್ಯಾಪ್‌ಶಾಟ್‌ಗಳು ಡೆಸ್ಟಿನೇಶನ್‌ನಲ್ಲೂ ಇದ್ದವು. ಕಾಮನ್ ಸ್ನ್ಯಾಪ್‌ಶಾಟ್ ಮಿರರ್ ತಾನೇ ಸೃಷ್ಟಿಸಿದ್ದೇ ಆಗಬೇಕೆಂದಿಲ್ಲ, ಎರಡೂ ಕಡೆ ಇರುವ ಒಂದೇ ಸ್ನ್ಯಾಪ್‌ಶಾಟ್ ಆದರೆ ಸಾಕು. ಆ ದಿನ ಬೆಳಗಿನದು ಎರಡೂ ಕಡೆ ಇತ್ತು, ರಿಸಿಂಕ್ ಅದನ್ನೇ ಹಿಡಿದು ಸಾಗಿತು. ಆದ್ದರಿಂದ ಎರಡೂ ಕಡೆಯ ಪಟ್ಟಿ ತೆಗೆದು, ಹೆಸರು ಮತ್ತು ಹುಟ್ಟಿದ ಸಮಯ ಎರಡನ್ನೂ ಹೋಲಿಸಿ. ಬರೀ ಹೆಸರು ನಂಬಬೇಡಿ, ಒಂದೇ ಹೆಸರಿನ ಎರಡು ಬೇರೆ ಸ್ನ್ಯಾಪ್‌ಶಾಟ್‌ಗಳಿರಬಹುದು. ಒಂದು ಜೋಡಿ ಸಿಕ್ಕಿದರೆ, ಸೋರ್ಸ್‌ನ ಶೆಡ್ಯೂಲ್ ಅದನ್ನು ಅವಧಿ ಮುಗಿಯಿತೆಂದು ಅಳಿಸುವ ಮೊದಲು ರಿಸಿಂಕ್ ಮಾಡಿ. ಒಂದೂ ಸಿಗದಿದ್ದರೆ ಬೇಸ್‌ಲೈನ್‌ಗೆ ಸಿದ್ಧರಾಗಿ. ಡೇಟಾ ದೊಡ್ಡದಿದ್ದು ಲೈನ್ ಚಿಕ್ಕದಿದ್ದರೆ ಡೆಸ್ಟಿನೇಶನ್ ಪೆಟ್ಟಿಗೆಯನ್ನೇ ಸೋರ್ಸ್ ಪಕ್ಕಕ್ಕೆ ತಂದು ತುಂಬಿಸಿ ವಾಪಸ್ ಕಳಿಸುವುದು ಎಷ್ಟೋ ಸಲ ಬೇಗ ಮುಗಿಯುತ್ತದೆ.

ರಿಸಿಂಕ್‌ನ ದಿಕ್ಕು

ಡಿಆರ್ ನಡೆದ ಮೇಲೆ ಈ ತಪ್ಪಾಗುತ್ತದೆ. ಮೂಲ ಸೈಟ್ ಬಿತ್ತು, ಡೆಸ್ಟಿನೇಶನ್‌ಗೆ ಬ್ರೇಕ್ ಕೊಟ್ಟು ತೆರೆದರು, ಬಳಕೆದಾರರು ಎರಡು ದಿನ ಅಲ್ಲೇ ಕೆಲಸ ಮಾಡಿದರು. ಮೂಲ ಸೈಟ್ ಎದ್ದಿತು. ಮಿರರ್ ಬ್ರೋಕನ್ ಆಫ್ ತೋರಿಸುತ್ತಿದೆ, ಅಲಾರಂ ಕೆಂಪಾಗಿದೆ, ಯಾರೋ ಡೆಸ್ಟಿನೇಶನ್‌ಗೆ ಹೋಗಿ ರಿಸಿಂಕ್ ಕೊಡುತ್ತಾರೆ. ಮಿರರ್ ಹಸಿರಾಗುತ್ತದೆ. ಎರಡು ದಿನದ ಕೆಲಸ ಹೋಗುತ್ತದೆ.

ರಿಸಿಂಕ್ ಎಂದರೆ ಎರಡು ಕಡೆಯನ್ನು ಬೆರೆಸುವುದಲ್ಲ. ಡೆಸ್ಟಿನೇಶನ್ ಅನ್ನು ಕಾಮನ್ ಸ್ನ್ಯಾಪ್‌ಶಾಟ್‌ಗೆ ಹಿಂದಕ್ಕೊಯ್ದು, ಅಲ್ಲಿಂದ ಸೋರ್ಸ್‌ನಂತೆ ಮಾಡುವುದು. ಆ ಸ್ನ್ಯಾಪ್‌ಶಾಟ್‌ಗಿಂತ ಹೊಸದಾದ ಡೇಟಾ ಎಲ್ಲ ಅಳಿಯುತ್ತದೆ ಎಂದು ಕಮಾಂಡ್ ಎಚ್ಚರಿಸುತ್ತದೆ, ವಾಲ್ಯೂಮ್ ಹೆಸರನ್ನೂ ಹೇಳುತ್ತದೆ. ವೈ ಒತ್ತುವ ಮೊದಲು ಆ ಹೆಸರನ್ನು ಬಾಯಿಬಿಟ್ಟು ಓದಿ, ಪಕ್ಕದಲ್ಲಿ ಇನ್ನೊಬ್ಬರು ಕೇಳಿಸಿಕೊಳ್ಳಲಿ. ಸುರಕ್ಷತೆಗೆಂದು ಅದೇ ವಾಲ್ಯೂಮ್‌ನಲ್ಲಿ ಹೊಸ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಉಪಯೋಗವಿಲ್ಲ, ಹಿಂದಕ್ಕೆ ಹೋಗುವಾಗ ಅದೂ ಹೋಗುತ್ತದೆ. ಅನುಮಾನವಿದ್ದರೆ ಬೇರೆ ವಾಲ್ಯೂಮ್‌ಗೆ ಪೂರ್ತಿ ಪ್ರತಿ ಮಾಡಿ.

ಸರಿಯಾದ ದಾರಿ ಸ್ವಲ್ಪ ಸುತ್ತು. ಹೊಸ ಡೇಟಾ ಎಲ್ಲಿದೆಯೋ ಅದು ಈಗ ಸೋರ್ಸ್. ಮೂಲ ಸೈಟ್‌ನ ವಾಲ್ಯೂಮ್ ಅನ್ನು ಡೆಸ್ಟಿನೇಶನ್ ಮಾಡಿ ಉಲ್ಟಾ ದಿಕ್ಕಿನಲ್ಲಿ ರಿಸಿಂಕ್. ಅದು ಮುಗಿದ ಮೇಲೆ ಬಳಕೆದಾರರನ್ನು ನಿಲ್ಲಿಸಿ ಕೊನೆಯ ಅಪ್‌ಡೇಟ್, ಬ್ರೇಕ್, ಮೂಲ ಸೈಟ್‌ನಲ್ಲಿ ಕೆಲಸ ಶುರು. ಆಮೇಲೆ ಹಳೆಯ ದಿಕ್ಕಿನಲ್ಲಿ ರಿಸಿಂಕ್.

ಸಿಂಕ್ರೊನಸ್ ಆದರೆ

ಆನ್‌ಟ್ಯಾಪ್ 9.5 ರಿಂದ ಸಿಂಕ್ರೊನಸ್ ಸ್ನ್ಯಾಪ್‌ಮಿರರ್ ಇದೆ. ಇಲ್ಲಿ ದೂರು ಬರುವುದು ಮಿರರ್ ಮೇಲಲ್ಲ, “ಅಪ್ಲಿಕೇಶನ್ ನಿಧಾನ” ಎಂದು. ಪ್ರತಿ ಬರಹವೂ ಆಚೆಗೆ ಹೋಗಿ ಉತ್ತರ ತರುವವರೆಗೆ ಕಾಯುತ್ತದೆ. ಹೋಗಿಬರುವ ಸಮಯ 10 ಮಿಲಿಸೆಕೆಂಡ್ ಮೀರಬಾರದು. ಫೈಬರ್‌ನಲ್ಲಿ ಬೆಳಕು 100 ಕಿಲೋಮೀಟರ್ ಹೋಗಿಬರಲು ಸುಮಾರು 1 ಮಿಲಿಸೆಕೆಂಡ್ ಬೇಕು, ಕೇಬಲ್ ಎಂದೂ ನೇರ ದಾರಿಯಲ್ಲಿ ಹೋಗುವುದಿಲ್ಲ. ಲೈನ್ ಕಡಿದಾಗ ಸಿಂಕ್ ಮೋಡ್‌ನಲ್ಲಿ ಸೋರ್ಸ್ ಕೆಲಸ ಮುಂದುವರಿಯುತ್ತದೆ, ಸ್ಥಿತಿ ಔಟ್ ಆಫ್ ಸಿಂಕ್ ಆಗುತ್ತದೆ. ಸ್ಟ್ರಿಕ್ಟ್ ಸಿಂಕ್‌ನಲ್ಲಿ ಸೋರ್ಸ್‌ಗೂ ಬರೆಯಲು ಬಿಡುವುದಿಲ್ಲ. ಇಡೀ ಅಪ್ಲಿಕೇಶನ್ ನಿಂತಿದ್ದರೆ ಯಾವ ಮೋಡ್ ಆರಿಸಿದ್ದರು ಎಂದು ಮೊದಲು ನೋಡಿ, ಅದು ದೋಷವಲ್ಲ, ಯಾರೋ ಕೇಳಿ ಪಡೆದ ನಡವಳಿಕೆ.

ಸರಿಯಾಯಿತು ಎನ್ನುವ ಮೊದಲು

ಕೈಯಿಂದ ಕೊಟ್ಟ ಒಂದು ಅಪ್‌ಡೇಟ್ ಮುಗಿದ ಮಾತ್ರಕ್ಕೆ ಟಿಕೆಟ್ ಮುಚ್ಚಬೇಡಿ. ಶೆಡ್ಯೂಲ್‌ನಿಂದ ತಾನಾಗಿಯೇ ಎರಡು ಸಲ ಓಡಲಿ, ಲ್ಯಾಗ್ ಒಮ್ಮೆ ಏರಿ ಇಳಿಯಲಿ. ಡೆಸ್ಟಿನೇಶನ್ ವಾಲ್ಯೂಮ್‌ನ ಹೊಸ ಸ್ನ್ಯಾಪ್‌ಶಾಟ್‌ನಿಂದ ಫ್ಲೆಕ್ಸ್‌ಕ್ಲೋನ್ (ಡೇಟಾ ನಕಲಾಗದೆ ಸಿಗುವ, ಬರೆಯಬಹುದಾದ ಪ್ರತಿ) ತೆಗೆದು ಮೌಂಟ್ ಮಾಡಿ, ಈ ಬೆಳಿಗ್ಗೆ ಬದಲಾಗಿರಲೇಬೇಕಾದ ಒಂದು ಫೈಲ್ ತೆರೆದು ನೋಡಿ. ಕ್ಲೋನ್ ತೆಗೆಯುವುದರಿಂದ ಮಿರರ್ ಕಡಿಯುವುದಿಲ್ಲ. ನೋಡಿದ ಮೇಲೆ ಕ್ಲೋನ್ ಅಳಿಸಿ, ಇಲ್ಲದಿದ್ದರೆ ಅದು ಹಿಡಿದಿಟ್ಟ ಸ್ನ್ಯಾಪ್‌ಶಾಟ್ ಮುಂದೊಂದು ದಿನ ರಿಸಿಂಕ್‌ಗೆ ಅಡ್ಡ ಬಂದು ಇನ್ನೊಂದು ಫೋನ್ ಕರೆ ಬರುತ್ತದೆ.